ಸಲೋತ್ರಿ ಮನೆಯ ತೋಳದ ಮರಿ

ಮದುವೆಯಾಗಿ ಔರಾದಕ್ಕೆ ಬಂದ ವರ್ಷ ನನ್ನ ಗಂಡ ನನಗೆ ತೋರಿಸಿದ ಮೊದಲ ವಿಶೇಷ ಒಂದು ತೋಳದ ಸಂಸಾರ. ಬೇರೆಯವರ ಗಂಡಂದಿರು ಹೊಸ ಹೆಂಡತಿಯನ್ನು ಬೀದರಿನ ಕೋಟೆ ನೋಡಲು ಕರೆದೊಯ್ಯುತ್ತಿದ್ದರು. ನಾನು ಬೀದರಿನವಳೇ, ಚಿದ್ರಿಯ ಕಿರಾಣಿ ಅಂಗಡಿಯವರ ಮಗಳು. ಕೋಟೆ ನನಗೆ ನಮ್ಮ ಹಿತ್ತಲಿನಷ್ಟೇ ಹಳತು. ತೋಳವನ್ನು ಮಾತ್ರ ಕಂಡಿರಲಿಲ್ಲ. ಊಟ ಮಾಡದೆ ಹಟ ಹಿಡಿದಾಗ ಅವ್ವ ಅದರ ಹೆಸರು ಹೇಳುತ್ತಿದ್ದಳು, ಅಷ್ಟೇ ಪರಿಚಯ.

ನಮ್ಮವರು ನಿಜಾಮ ಸರಕಾರದ ದನದ ದವಾಖಾನೆಯ ಡಾಕ್ಟರು. ಊರವರ ಬಾಯಲ್ಲಿ ‘ಸಲೋತ್ರಿ ಸಾಹೇಬರು’. ಎತ್ತಿನ ಗೊರಸು, ಎಮ್ಮೆಯ ಕೆಚ್ಚಲು, ತಹಶೀಲದಾರರ ಕುದುರೆಯ ಕೆಮ್ಮು, ಇವು ಅವರ ನೌಕರಿ. ಮನಸ್ಸೆಲ್ಲ ಊರಾಚೆಯ ಮಾಳದ ಮೇಲೆ. ಹಳ್ಳಿಗೆ ದನ ನೋಡಲು ಹೋದವರು ಬರುವಾಗ ಅರ್ಧ ದಾರಿಯಲ್ಲಿ ಕುದುರೆ ನಿಲ್ಲಿಸಿ ನೆಲದ ಮೇಲಿನ ಹೆಜ್ಜೆ ನೋಡುತ್ತ ಕೂತುಬಿಡುತ್ತಿದ್ದರು. ರೊಟ್ಟಿ ಆರಿ ಹಪ್ಪಳವಾದ ಮೇಲೆ ಮನೆ ಸೇರುತ್ತಿದ್ದರು.

ಮಾಘ ಮಾಸದ ಒಂದು ಬೆಳಗ್ಗೆ, ಹೊತ್ತು ಹುಟ್ಟುವ ಮುಂಚೆ ನನ್ನನ್ನು ಎಬ್ಬಿಸಿ, ಮಣ್ಣಿನ ಬಣ್ಣದ ಹಳೇ ಸೀರೆ ಇದ್ದರೆ ಉಟ್ಟುಕೋ ಎಂದರು. ಯಾಕೆಂದು ಹೇಳಲಿಲ್ಲ. ಕರಿ ಮಣ್ಣಿನ ಹೊಲಗಳು ಮುಗಿದು ಕೆಂಪು ಕಲ್ಲಿನ ಮಾಳ ಶುರುವಾಗುವಲ್ಲಿ, ಒಂದು ತಂಗಡಿ ಗಿಡದ ಮರೆಯಲ್ಲಿ ನಾವಿಬ್ಬರೂ ಬೋರಲಾಗಿ ಮಲಗಿದೆವು. ಹೊಸ ಮದುಮಗಳು ಗಂಡನ ಜತೆ ಹೀಗೆ ನೆಲಕ್ಕೆ ಬಿದ್ದುಕೊಂಡಿರುವುದನ್ನು ಯಾರಾದರೂ ನೋಡಿದರೆ ಏನಂದಾರು ಎಂದು ನನಗೆ ನಗು ತಡೆಯಲಾಗಲಿಲ್ಲ. ಅವರು ನನ್ನ ಬಾಯಿಗೆ ಕೈ ಅಡ್ಡ ಹಿಡಿದು ಎದುರಿನ ಕೊರಕಲು ತೋರಿಸಿದರು.

ಕೊರಕಲಿನ ಗೋಡೆಯಲ್ಲಿ ಒಂದು ಬಿಲ. ಅದರ ಬಾಯಲ್ಲಿ ಬೂದು ಬಣ್ಣದ ನಾಲ್ಕು ಮರಿಗಳು ಒಂದರ ಮೇಲೊಂದು ಬಿದ್ದು ಹೊರಳಾಡುತ್ತಿದ್ದವು. ಸ್ವಲ್ಪ ಹೊತ್ತಿಗೆ ಅಪ್ಪ ತೋಳ ಬಂತು. ಉದ್ದ ಕಾಲು, ಒಣ ಹುಲ್ಲಿನ ಬಣ್ಣದ ಮೈ. ಬಾಯಲ್ಲಿ ಏನೂ ಇರಲಿಲ್ಲ. ಮರಿಗಳು ಓಡಿಹೋಗಿ ಅದರ ಮೂತಿ ನೆಕ್ಕತೊಡಗಿದವು. ಅದು ತಲೆ ತಗ್ಗಿಸಿ, ಮೈ ಕುಗ್ಗಿಸಿ, ಹೊಟ್ಟೆಯಲ್ಲಿ ಹೊತ್ತು ತಂದದ್ದನ್ನೆಲ್ಲ ಅವುಗಳ ಮುಂದೆ ಕಕ್ಕಿತು. ಶಾಕಾಹಾರಿ ಮನೆಯಲ್ಲಿ ಹುಟ್ಟಿದವಳು ನಾನು, ಅಸಹ್ಯವಾಗಬೇಕಿತ್ತು. ಆಗಲಿಲ್ಲ. ತಾಯಿ ತೋಳ ಪಕ್ಕದಲ್ಲಿ ಮಲಗಿಕೊಂಡು, ಇವತ್ತು ನಿನ್ನ ಪಾಳಿ ಎನ್ನುವಂತೆ ಸುಮ್ಮನೆ ನೋಡುತ್ತಿತ್ತು.

ಮನೆಗೆ ಬರುವ ದಾರಿಯುದ್ದಕ್ಕೂ ಅವರು ತೋಳದ ಬಾಳು ಹೇಳಿದರು. ಮುಂಗಾರು ಬೆಳೆ ಮನೆ ಸೇರುವ ಕಾಲಕ್ಕೆ ಗಂಡು ಹೆಣ್ಣು ಕೂಡುತ್ತವೆ, ವರ್ಷಕ್ಕೆ ಒಂದೇ ಸಲ. ಎರಡು ತಿಂಗಳಿಗೆ ಚಳಿಯಲ್ಲಿ ಮರಿ. ಹುಟ್ಟುವಾಗ ಕುರುಡು, ಎರಡು ವಾರಕ್ಕೆ ಕಣ್ಣು. ಮುಂದಿನ ಮಳೆಗಾಲದ ಹೊತ್ತಿಗೆ ಅಪ್ಪ ಅವ್ವನ ಹಿಂದೆ ಬೇಟೆಗೆ ಹೊರಡುತ್ತವೆ. ಎರಡು ವರ್ಷ ತುಂಬಿದ ಮೇಲೆ ಮನೆ ಬಿಟ್ಟು ತಮ್ಮ ಜೋಡಿ, ತಮ್ಮ ಮಾಳ ಹುಡುಕಿಕೊಂಡು ಹೋಗುತ್ತವೆ. ಹಿಂದಿನ ವರ್ಷದ ಅಕ್ಕಂದಿರು ಉಳಿದಿದ್ದರೆ ತಮ್ಮ ತಂಗಿಯರನ್ನು ಕಾಯುತ್ತಾರೆ. ಆ ದಿನ ನನ್ನ ಗಂಡನ ಮೇಲೆ ನನಗೆ ನಿಜವಾದ ಪ್ರೀತಿ ಹುಟ್ಟಿತು ಎಂದು ಈಗ ಹೇಳಿದರೆ ಮೊಮ್ಮಕ್ಕಳು ನಗುತ್ತಾರೆ.

ಶಿವರಾತ್ರಿ ಆದ ಮೇಲೆ ಒಂದು ಸಂಜೆ ಊರ ಕುರಿ ಕಾಯುವ ಅಜ್ಜನೊಬ್ಬ ನಮ್ಮ ಅಂಗಳಕ್ಕೆ ಬಂದ. ಕಂಬಳಿಯೊಳಗೆ ಏನೋ ಮಿಸುಕಾಡುತ್ತಿತ್ತು. ಅವನ ಹಿಂದೆ ಕುರಿ ಇಟ್ಟಿದ್ದ ನಾಲ್ಕೈದು ಮಂದಿ ರೈತರು. ಅಜ್ಜನ ಬಿಳಿ ಹೆಣ್ಣು ನಾಯಿ ಸಂಕ್ರಾಂತಿ ಸುಮಾರಿಗೆ ಮರಿ ಹಾಕಿತ್ತಂತೆ, ಚಳಿ ತಡೆದು ಉಳಿದದ್ದು ಇದೊಂದೇ ಹೆಣ್ಣು ಮರಿಯಂತೆ. ಕಂಬಳಿ ಬಿಚ್ಚಿದ. ಬೂದು ಮೈ, ಓರೆ ಕಣ್ಣು, ಜೇನಿನ ಬಣ್ಣದ ನೋಟ. ಎದೆಯ ಮೇಲೆ ಮಾತ್ರ ತಾಯಿಯ ಬಿಳಿ ಮಚ್ಚೆ. ದೀಪಾವಳಿ ಕಳೆದ ಮೇಲೆ ಒಂಟಿ ಗಂಡು ತೋಳವೊಂದು ದೊಡ್ಡಿಯ ಸುತ್ತ ಸುಳಿಯುತ್ತಿತ್ತು, ಕುರಿಯನ್ನು ಮುಟ್ಟದೆ ತನ್ನ ನಾಯಿಯ ಸಂಗಡ ಆಡುತ್ತಿತ್ತು, ಕಣ್ಣಾರೆ ಕಂಡೆ ಎಂದು ಅಜ್ಜ ಹೇಳಿದ.

ರೈತರಲ್ಲಿ ಹಿರಿಯನಾದವನು ಮುಂದೆ ಬಂದ. “ನಾಯಿ ಅಂದ್ರ ಸಾಕ್ತೇವ್ರಿ. ತ್ವಾಳ ಅಂದ್ರ ಇವತ್ತೇ ಕಥಿ ಮುಗಸ್ತೇವಿ. ನೀವು ಓದಿದವರು, ಇದರ ಜಾತಿ ಯಾವುದು ಹೇಳ್ರಿ.”

ನಮ್ಮವರು ಮರಿಯ ಬಾಯಿ ತೆರೆದು ನೋಡಿದರು, ಕಿವಿ ನೋಡಿದರು, ಪಂಜ ಬಿಡಿಸಿದರು. ಆಮೇಲೆ ಮುಖ ಸಣ್ಣದು ಮಾಡದೆ, “ನನಗ ಗೊತ್ತಿಲ್ಲರಿ” ಎಂದರು.

ಜನಕ್ಕೆ ಗಲಿಬಿಲಿಯಾಯಿತು. ಸರಕಾರದ ಸಲೋತ್ರಿಗೆ ಗೊತ್ತಿಲ್ಲವೆಂದರೆ ಹೇಗೆ? ಅವರು ಎಲ್ಲರನ್ನೂ ಕೂರಿಸಿ ವಿವರಿಸಿದರು. ಕುದುರೆಗೂ ಕತ್ತೆಗೂ ಹುಟ್ಟಿದ್ದು ಖಚ್ಚರ. ದಂಡಿನವರ ಖಚ್ಚರಗಳನ್ನು ನೀವೆಲ್ಲ ನೋಡಿದ್ದೀರಿ, ಆದರೆ ಖಚ್ಚರ ಮರಿ ಹಾಕಿದ್ದನ್ನು ಯಾರಾದರೂ ನೋಡಿದ್ದೀರಾ? ಇಲ್ಲ. ಅದಕ್ಕೇ ಕುದುರೆ ಬೇರೆ ಜಾತಿ, ಕತ್ತೆ ಬೇರೆ ಜಾತಿ. ಎರಡು ಪ್ರಾಣಿ ಕೂಡಿ ಹುಟ್ಟಿದ ಮರಿಗೆ ತಿರುಗಿ ಮರಿಯಾದರೆ ಆ ಎರಡೂ ಒಂದೇ ಜಾತಿ ಎಂದು ನಾನು ಓದಿದ ಪುಸ್ತಕ ಹೇಳುತ್ತದೆ. ಹಾಗಾಗಿ ಈ ಮರಿ ದೊಡ್ಡದಾಗಿ ಮರಿ ಹಾಕುತ್ತದೋ ಇಲ್ಲವೋ ನೋಡಬೇಕು. ಹಾಕಿದರೆ ತೋಳ, ನಾಯಿ ಒಂದೇ.

ಅಜ್ಜ ಒಪ್ಪಲಿಲ್ಲ. ಅವನ ಲೆಕ್ಕ ಸೀದಾ ಇತ್ತು, ಕುರಿ ತಿಂದರೆ ತೋಳ, ಕುರಿ ಕಾದರೆ ನಾಯಿ. ಹೋದ ವರ್ಷ ನಿನ್ನ ಕರಿ ನಾಯಿಯೇ ಒಂದು ಕುರಿಮರಿ ತಿಂದಿತ್ತಲ್ಲ, ಅದು ಏನು ಎಂದು ನಮ್ಮವರು ಕೇಳಿದರು. ಅಜ್ಜ ಗಡ್ಡ ಕೆರೆದುಕೊಂಡು, “ಅವತ್ತೊಂದಿನ ಅದು ತ್ವಾಳ ಆಗಿತ್ರಿ” ಎಂದ. ಅಂಗಳವೆಲ್ಲ ನಕ್ಕಿತು.

ಆದರೂ ಮುಖ್ಯ ಪ್ರಶ್ನೆ ಉಳಿದಿತ್ತು. ದೊಡ್ಡದಾಗುವ ತನಕ ಇದನ್ನು ಸಾಕುವವರು ಯಾರು? ದೊಡ್ಡಿಯ ಹತ್ತಿರ ಬೇಡ ಎಂದರು ರೈತರು. ಮರಿ ಕಂಬಳಿಯಿಂದ ಜಾರಿ ಇಳಿದು, ಹೊಸ್ತಿಲಲ್ಲಿ ನಿಂತಿದ್ದ ನನ್ನ ಕಾಲುಂಗುರವನ್ನು ಮೂಸಿತು. “ನಾವೇ ಸಾಕ್ತೇವಿ” ಎಂಬ ಮಾತು ನನ್ನ ಬಾಯಿಂದ ಬಂದುಬಿಟ್ಟಿತು. ನಮ್ಮವರು ತಿರುಗಿ ನೋಡಿದ ನೋಟ ನನಗಿನ್ನೂ ನೆನಪಿದೆ, ಜಾತ್ರೆಯಲ್ಲಿ ಕೇಳದೆಯೇ ಮಿಠಾಯಿ ಸಿಕ್ಕ ಮಗುವಿನ ನೋಟ. ಕುರಿ ಮುಟ್ಟಿದ ದಿನ ಬಂದೂಕು ಎಂದು ಹಿರಿಯ ರೈತ ಶರತ್ತು ಹಾಕಿದ. ಒಪ್ಪಿಕೊಂಡೆವು.

ಸುದ್ದಿ ಭಾಲ್ಕಿ ಮುಟ್ಟಿತು. ಅಲ್ಲಿದ್ದ ನಮ್ಮ ಅತ್ತೆ ಗಂಟು ಕಟ್ಟಿಕೊಂಡು ಮೂರನೇ ವಾರವೇ ಬಂದಿಳಿದರು. ದಿನಾ ಇಷ್ಟಲಿಂಗ ಪೂಜೆ ಮಾಡದೆ ನೀರು ಮುಟ್ಟದ ಹೆಂಗಸು. ತೋಳದ ಮರಿ ಅಡುಗೆಮನೆಯ ಬಾಗಿಲಲ್ಲಿ ಮಲಗಿರುವುದು ನೋಡಿ ನಾನು ಏನು ಕೇಳಬೇಕಾಗುತ್ತದೋ ಎಂದು ಹೆದರಿದ್ದೆ. ಅವರು ಸೀದಾ ಒಳಗೆ ಹೋದರು, ಪೂಜೆ ಮುಗಿಸಿದರು, ಮಜ್ಜಿಗೆಯಲ್ಲಿ ಜೋಳದ ರೊಟ್ಟಿ ಕಿವುಚಿ ತಂದು ಅದರ ಮುಂದಿಟ್ಟರು. ಮರಿ ಬಟ್ಟಲನ್ನು ಮೂಗಿನಿಂದ ತಳ್ಳಿಕೊಂಡು ಅಂಗಳದ ತುಂಬ ತಿರುಗಿ ನೆಕ್ಕಿತು. “ಭಾಳ ಹಸಿದಿತ್ತು ಪಾಪ” ಎಂದರು. ಅಷ್ಟಕ್ಕೆ ಮುಗಿಯಿತು. ಅಜ್ಜ ಆಗಾಗ ಬಂದು ಊರ ಹೊರಗೆ ಕರೆದೊಯ್ದು ಅದಕ್ಕೆ ಬೇರೆ ಏನು ತಿನ್ನಿಸುತ್ತಿದ್ದ ಎಂದು ಅತ್ತೆ ಕೇಳಲಿಲ್ಲ, ನಾವೂ ಹೇಳಲಿಲ್ಲ.

ನಮ್ಮ ಮನೆ ಒಂದು ತಮಾಷೆಯ ಜಾಗವಾಯಿತು. ಸಂತೆಗೆ ಬಂದವರು ಬೆಲ್ಲ ಕೊಂಡು, ಉಪ್ಪು ಕೊಂಡು, ನಮ್ಮ ಮರಿ ನೋಡಿ ಊರಿಗೆ ಹೋಗುತ್ತಿದ್ದರು. ಎಲ್ಲರದ್ದೂ ಒಂದೇ ಪ್ರಶ್ನೆ, ಜಾತಿ ಯಾವುದು. ಕೇಳಿ ಕೇಳಿ ಬೇಸತ್ತ ಅತ್ತೆ ಒಂದು ದಿನ ಕಟ್ಟೆಯ ಮೇಲಿಂದಲೇ ಹೇಳಿದರು: “ಇದು ಶರಣರ ಮನಿ ಅದ. ಇಲ್ಲಿ ಜಾತಿ ಕೇಳಬಾರದು. ಉಂಡಾದ ಇಲ್ಲೋ ಅಂತ ಕೇಳ್ರಿ.” ಆಮೇಲೆ ಬಂದವರು ಹಾಗೇ ಕೇಳತೊಡಗಿದರು. ಮರಿ ಉಂಡಿತೇನ್ರಿ?

ಅದು ಬೊಗಳಲು ಕಲಿಯಲೇ ಇಲ್ಲ. ಸೋಮವಾರ ಸಂಜೆ ಅತ್ತೆ ಏಕತಾರಿ ಹಿಡಿದು ಹಾಡಲು ಕೂತರೆ ಮಾತ್ರ, ಎದುರು ಕೂತು, ಮೂತಿ ಮೇಲೆತ್ತಿ, ಕಣ್ಣು ಮುಚ್ಚಿ ಊಳಿಡುತ್ತಿತ್ತು. ನಾನು ಗದರಿಸಲು ಹೋದರೆ ಅತ್ತೆ ತಡೆಯುತ್ತಿದ್ದರು. ಶ್ರುತಿ ನನಗಿಂತ ಚೆನ್ನಾಗಿ ಹಿಡಿಯುತ್ತದೆ ಎನ್ನುತ್ತಿದ್ದರು. ನಮ್ಮವರು ಅದರ ಬೆಳವಣಿಗೆಯನ್ನು ಮಾಳದ ತೋಳದ ಮರಿಗಳಿಗೆ ಹೋಲಿಸಿ ನೋಡುತ್ತಿದ್ದರು. ಮಳೆಗಾಲಕ್ಕೆ ಅವು ಬೇಟೆ ಕಲಿತವು, ನಮ್ಮದು ಇಲಿ ಹಿಡಿಯುವುದು ಕಲಿಯಿತು. ಮೊದಲ ಚಳಿಗಾಲ ಬಂದಾಗ ಅದು ಒಂದು ದಿನ ಎದ್ದು ಹೋಯಿತು. ನಾನು ಊಟ ಬಿಟ್ಟೆ. ಮಾಳದ ದಿಕ್ಕಿಗೆ ಮುಖ ಮಾಡಿ ಕೂತೆ. ವಾರ ಕಳೆದ ಮೇಲೆ ಒಂದು ಕಿವಿ ಹರಿದುಕೊಂಡು, ಮೈ ತುಂಬ ಮುಳ್ಳು ಹತ್ತಿಸಿಕೊಂಡು ಬಂದು ಅಡುಗೆಮನೆ ಬಾಗಿಲಲ್ಲಿ ಮಲಗಿತು. ಮಾಳದವರು ಸೇರಿಸಿಕೊಳ್ಳಲಿಲ್ಲ ಎಂದು ಕಾಣುತ್ತದೆ ಎಂದರು ನಮ್ಮವರು. ಅಷ್ಟು ದಿನ ಯಾವ ದೊಡ್ಡಿಯಲ್ಲೂ ಒಂದು ಕುರಿ ಕಡಿಮೆಯಾಗಿರಲಿಲ್ಲ. ಹಿರಿಯ ರೈತ ತಾನಾಗಿ ಬಂದು ಅದನ್ನು ಹೇಳಿ ಹೋದ.

ಆ ಬೇಸಿಗೆಯಲ್ಲಿ ಹೈದರಾಬಾದಿನಿಂದ ಒಬ್ಬ ಪ್ರೊಫೆಸರ್ ಸಾಹೇಬರು ಬೀದರಿಗೆ ಬಂದಿದ್ದಾರೆ, ಪ್ರಾಣಿಗಳ ತಲೆಬುರುಡೆ ಕೂಡಿಸುತ್ತಿದ್ದಾರೆ ಎಂದು ಸುದ್ದಿ ಬಂತು. ನಮ್ಮವರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ನಾನು ತವರಿಗೂ ಹೋದಂತಾಯಿತು ಎಂದು, ಮರಿಯನ್ನು ಬಂಡಿಗೆ ಹತ್ತಿಸಿಕೊಂಡು ಹೊರಟೆವು. ಮಾಂಜ್ರಾ ಹೊಳೆ ದಾಟುವಾಗ ಅದು ನೀರಿಗೆ ಹಾರಿ, ಎತ್ತುಗಳ ಜತೆ ಈಜಿ, ಆಚೆ ದಂಡೆಯಲ್ಲಿ ನಮ್ಮ ಮೇಲೆಲ್ಲ ಮೈ ಕೊಡವಿತು.

ಪ್ರೊಫೆಸರರು ಡಾಕ್ ಬಂಗಲೆಯಲ್ಲಿ ಇಳಿದಿದ್ದರು. ಶೇರ್ವಾನಿ, ರೂಮಿ ಟೋಪಿ, ಬೆರಳುಗಳಿಗೆಲ್ಲ ಸುಣ್ಣದ ಪುಡಿ. ಉರ್ದುವಿನಲ್ಲಿ ಮಾತಾಡಿದರು. ಚಿದ್ರಿಯಲ್ಲಿ ಬೆಳೆದ ನನಗೆ ಉರ್ದು ಕನ್ನಡದಷ್ಟೇ ಸಲೀಸು, ಹಾಗಾಗಿ ಒಂದು ಮಾತೂ ತಪ್ಪಲಿಲ್ಲ. ಮರಿಯ ಮೂತಿಯನ್ನು ಅಳೆದರು, ಕೋರೆ ಹಲ್ಲು ನೋಡಿದರು. ನಾಯಿಗೂ ತೋಳಕ್ಕೂ ಇರುವ ಭೇದ ಹಣೆಯ ಇಳಿಜಾರಿನಲ್ಲಿದೆ, ಹಲ್ಲಿನ ದಪ್ಪದಲ್ಲಿದೆ, ಸರಿಯಾಗಿ ಹೇಳಬೇಕೆಂದರೆ ಬುರುಡೆ ಕೈಗೆ ಸಿಗಬೇಕು ಎಂದರು. ನಾನು ಮರಿಯ ಕೊರಳು ತಬ್ಬಿಕೊಂಡೆ. ಅವರು ಗಾಬರಿಯಾಗಿ, ಬೇಟಿ, ಅದು ಮುದಿಯಾಗಿ ತಾನಾಗಿ ಸತ್ತ ಮೇಲಿನ ಮಾತು ಎಂದು ಎರಡು ಸಲ ಹೇಳಿದರು.

ಮೇಜಿನ ಮೇಲೆ ಒಂದು ಸಾಲು ಬುರುಡೆಗಳಿದ್ದವು. ಈ ತುದಿಯಲ್ಲಿ ಬೀದಿ ನಾಯಿಯದು, ಆ ತುದಿಯಲ್ಲಿ ದೊಡ್ಡ ತೋಳದ್ದು, ನಡುವೆ ಬೇಟೆ ನಾಯಿ, ಕುರಿ ನಾಯಿ, ಸಣ್ಣ ತೋಳ. ನಾಯಿ ಮುಗಿದು ತೋಳ ಶುರುವಾಗುವ ಜಾಗ ಬೆರಳಿಟ್ಟು ತೋರಿಸು ಎಂದು ನನಗೆ ಹೇಳಿದರು. ನಾನೊಂದು ಕಡೆ ಇಟ್ಟೆ. ನಮ್ಮವರು ಇನ್ನೊಂದು ಕಡೆ ಇಟ್ಟರು. ಪ್ರೊಫೆಸರರ ಬೆರಳು ಮೂರನೆಯ ಕಡೆ ಹೋಯಿತು. ಮೂವರೂ ನಕ್ಕೆವು.

ನಮ್ಮವರು ತಮ್ಮ ಖಚ್ಚರದ ನಿಯಮ ಹೇಳಿದರು. ಪ್ರೊಫೆಸರರು ತಲೆದೂಗಿದರು, ಆದರೆ ಅಷ್ಟಕ್ಕೆ ಬಿಡಲಿಲ್ಲ. ಪಂಡಿತರಲ್ಲೇ ಒಮ್ಮತವಿಲ್ಲವಂತೆ. ಕೆಲವರು ಎಲುಬು ನೋಡಿ ಜಾತಿ ಹೇಳುತ್ತಾರೆ. ಕೆಲವರು ಸಂತಾನ ನೋಡಿ. ಇನ್ನು ಕೆಲವರು, ಕೂಡಲು ಸಾಧ್ಯವಿದ್ದರೂ ಕಾಡಿನಲ್ಲಿ ತಮ್ಮ ಪಾಡಿಗೆ ಬೇರೆಯಾಗಿ ಬಾಳುವವು ಬೇರೆ ಜಾತಿಯೇ ಎನ್ನುತ್ತಾರೆ. “ನೀವು ದಾಟಿ ಬಂದ ಮಾಂಜ್ರಾ ನೋಡಿ” ಎಂದರು ಅವರು. “ಮಳೆಗಾಲದಲ್ಲಿ ದಂಡೆ ಒಂದು ಕಡೆ, ಬೇಸಿಗೆಯಲ್ಲಿ ಇನ್ನೊಂದು ಕಡೆ. ದಂಡೆ ಸರಿಯಿತೆಂದು ಹೊಳೆಯೇ ಇಲ್ಲ ಎನ್ನುತ್ತೇವೆಯೇ?”

ನಮ್ಮವರು ಆ ಮಾತನ್ನು ಬಾಯಲ್ಲಿಟ್ಟು ಸವಿಯುತ್ತಿರುವಾಗ ಮರಿ ಮೇಜಿಗೆ ಕಾಲು ಕೊಟ್ಟು, ಸಾಲಿನ ನಡುವಿನಿಂದ ಒಂದು ಬುರುಡೆ ಕಚ್ಚಿಕೊಂಡು ಬಾಗಿಲ ಹೊರಗೆ ಓಡಿತು. ಸರಕಾರದ ಸಲೋತ್ರಿ ಮುಂದೆ, ಶೇರ್ವಾನಿ ಎತ್ತಿ ಹಿಡಿದ ಪ್ರೊಫೆಸರರು ಹಿಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ ನಾನು ಅವರ ಹಿಂದೆ. ಬೇವಿನ ಮರದ ಬುಡದಲ್ಲಿ ಅದು ತಾನಾಗಿ ಬುರುಡೆಯನ್ನು ನನ್ನ ಕಾಲ ಬಳಿ ಇಟ್ಟು ಬಾಲ ಅಲ್ಲಾಡಿಸಿತು. ಪ್ರೊಫೆಸರರು ಉಸಿರು ತಿರುಗಿಸಿಕೊಂಡು, ಇದು ಕದ್ದದ್ದು ತೋಳದ ಹಾಗೆ, ತಿರುಗಿ ಕೊಟ್ಟದ್ದು ನಾಯಿಯ ಹಾಗೆ ಎಂದರು. ಮರಿ ಹಾಕಿದರೆ ತಮಗೆ ತಪ್ಪದೆ ತಿಳಿಸಬೇಕೆಂದು ನಮ್ಮಿಂದ ಮಾತು ತೆಗೆದುಕೊಂಡರು.

ಮುಂದಿನ ದಸರೆ ಕಳೆದ ಮೇಲೆ, ಬೆಳೆದು ದೊಡ್ಡದಾಗಿದ್ದ ನಮ್ಮ ಮರಿ ಅಜ್ಜನ ಕರಿ ನಾಯಿಯ ಸಂಗಡ ಓಡಾಡತೊಡಗಿತು. ಅದೇ ಕಾಲಕ್ಕೆ ನನಗೂ ನಾಲ್ಕು ತಿಂಗಳು ತುಂಬಿತ್ತು. ನಡುವೆ ಊರಿಗೆ ಹೋಗಿದ್ದ ಅತ್ತೆ ಭಾಲ್ಕಿಯಿಂದ ಅಂಟಿನ ಉಂಡಿ ಕಟ್ಟಿಕೊಂಡು ಮತ್ತೆ ಬಂದರು. ನನಗೊಂದು, ಅದಕ್ಕೊಂದು. ಬಸುರಿಯರಲ್ಲಿ ಭೇದ ಮಾಡಿದರೆ ಶಿವ ಮೆಚ್ಚುವುದಿಲ್ಲವಂತೆ. ನನಗೆ ಇನ್ನೂ ವಾಕರಿಕೆ, ಅದಕ್ಕೆ ಭರ್ಜರಿ ಹಸಿವು. ನನ್ನ ಪಾಲಿನ ಉಂಡಿಯನ್ನೂ ಕದ್ದು ಅದಕ್ಕೇ ಹಾಕುತ್ತಿದ್ದೆ.

ಎಳ್ಳಮಾವಾಸ್ಯೆಯ ದಿನ ಹಿರಿಯ ರೈತ ನಮ್ಮನ್ನು ತನ್ನ ಹೊಲಕ್ಕೆ ಊಟಕ್ಕೆ ಕರೆದಿದ್ದ. ಎದೆಯೆತ್ತರ ಬಿಳಿಜೋಳ, ಕಡಲೆ ಗಿಡದ ಹುಳಿ ವಾಸನೆ, ಗಡಿಗೆ ತುಂಬ ಕಾಳು ಸೊಪ್ಪಿನ ಭಜ್ಜಿ, ಸಜ್ಜೆ ರೊಟ್ಟಿ. ಬೆಳಗಿನಿಂದ ಮರಿ ಕಾಣದೆ ನನ್ನ ಜೀವ ಅರ್ಧ ಅಲ್ಲಿರಲಿಲ್ಲ. ಎಲ್ಲರೂ ಊಟಕ್ಕೆ ಕೂತಿರುವಾಗ ಅಜ್ಜ ಹೊಲದ ಬದುವಿನ ಮೇಲೆ ಓಡುತ್ತ ಬಂದ. ಆ ವಯಸ್ಸಿನ ಮನುಷ್ಯ ಓಡಿದ್ದನ್ನು ಯಾರೂ ಕಂಡಿರಲಿಲ್ಲ.

“ಸಾಹೇಬ್ರ, ಖಚ್ಚರ ಅಲ್ಲರಿ ಅದು” ಎಂದ. “ಬಣಿವಿ ಬುಡಕ ಗವಿ ತೋಡ್ಯಾದ. ಬಂದು ನೋಡ್ರಿ.”

ಕೈ ತೊಳೆಯದೆ ಎಲ್ಲರೂ ಎದ್ದೆವು. ಜೋಳದ ಕಣಿಕೆಯ ಬಣವೆಯ ಬುಡದಲ್ಲಿ ಅದು ಉದ್ದನೆಯ ಬಿಲ ತೋಡಿತ್ತು, ಮಾಳದ ತೋಳಗಳು ತೋಡುವ ಹಾಗೇ. ನಮ್ಮವರು ನೆಲಕ್ಕೆ ಮಲಗಿ ಕಿವಿ ಕೊಟ್ಟರು. ಒಳಗಿಂದ ಕುಂಯ್ ಕುಂಯ್ ಸದ್ದು. ನನ್ನ ದನಿ ಕೇಳಿ ಅದು ಹೊರಗೆ ಬಂದು ಕೈ ನೆಕ್ಕಿ ಒಳಗೆ ಹೋಯಿತು. ಐದು ಮರಿ ಹಾಕಿತ್ತು, ಐದೂ ಗಟ್ಟಿಮುಟ್ಟು. ನಮ್ಮವರು ಎದ್ದಾಗ ಮುಖಕ್ಕೆಲ್ಲ ಕರಿ ಮಣ್ಣು ಮೆತ್ತಿತ್ತು, ಕಣ್ಣಲ್ಲಿ ನೀರಿತ್ತು.

ಹಿರಿಯ ರೈತ, ಹಾಗಾದರೆ ಈಗ ಇದು ಏನು ಎಂದು ಕೇಳಿದ. ಪುಸ್ತಕದ ಪ್ರಕಾರ ನಾಯಿ, ತೋಳ ಎರಡೂ ಒಂದೇ ಎಂದರು ನಮ್ಮವರು. ಆದರೆ ಪ್ರೊಫೆಸರರ ಪುಸ್ತಕಗಳಲ್ಲಿ ಎರಡಕ್ಕೂ ಇನ್ನೂ ಬೇರೆ ಬೇರೆ ಹೆಸರಿವೆ, ಅವನ್ನು ಸುಳ್ಳೆನ್ನಲೂ ನನಗೆ ಆಗುವುದಿಲ್ಲ ಎಂದೂ ಸೇರಿಸಿದರು. ಅದೆಲ್ಲ ನೀವೂ ಅವರೂ ಕೂತು ಬಗೆಹರಿಸಿಕೊಳ್ಳಿ, ನನಗೆ ಮಾತ್ರ ಒಂದು ಗಂಡು ಮರಿ ಬೇಕು ಎಂದ ರೈತ. ಬಂದೂಕಿನ ಮಾತಾಡಿದ್ದವನೇ ಎಲ್ಲರಿಗಿಂತ ಮೊದಲು ಕೇಳಿದ.

ಮರಿಗಳು ಹಾಲು ಬಿಟ್ಟ ಮೇಲೆ ಹಂಚಿಕೆಗೆ ಸಣ್ಣ ಜಗಳವೇ ಆಯಿತು. ಹಿರಿಯ ರೈತನಿಗೊಂದು, ಅಜ್ಜನಿಗೊಂದು, ಬಗದಲ್‌ನಿಂದ ಬಂಡಿ ಕಟ್ಟಿಕೊಂಡು ಬಂದಿದ್ದ ನನ್ನ ಸೋದರಮಾವನಿಗೊಂದು, ನಮಗೊಂದು. ಐದನೆಯದನ್ನು ಅತ್ತೆ ಯಾರಿಗೂ ಮುಟ್ಟಗೊಡಲಿಲ್ಲ. ನನ್ನ ಹೆರಿಗೆಯಾಗಿ, ಮಗಳಿಗೆ ತೊಟ್ಟಿಲು ಕಟ್ಟಿದ ಮೇಲೆ ಅವರು ಭಾಲ್ಕಿಗೆ ಹೊರಟರು. ಬೀದರಿನ ತನಕ ಬಂಡಿ, ಅಲ್ಲಿಂದ ರೈಲು. ಬೀದರಿನಿಂದ ಭಾಲ್ಕಿಗೆ ರೈಲು ಬಂದ ಹೊಸತು. ಬುಟ್ಟಿಯಲ್ಲಿ ಮರಿ, ಮೇಲೊಂದು ಸೀರೆ. ಗಾಡಿ ಹೊರಟ ಮೇಲೆ ಟಿಕೆಟ್ ನೋಡುವವರು ಬಂದು ಬುಟ್ಟಿಯೊಳಗೆ ಇಣುಕಿದರಂತೆ. ನಾಯಿಗೆ ಬೇರೆ ಟಿಕೆಟ್ ಬೇಕು, ಇದು ನಾಯಿಯೇ ಎಂದು ಕೇಳಿದರಂತೆ. ಸುಳ್ಳು ಹೇಳಿ ಗೊತ್ತಿಲ್ಲದ ನಮ್ಮ ಅತ್ತೆ, “ಕೂಡ್ರಿ, ಹೇಳ್ತೇನಿ” ಎಂದು ಅವರನ್ನು ಎದುರಿಗೆ ಕೂರಿಸಿಕೊಂಡರು. ಇದರ ನಾಯಿ ಅಜ್ಜಿ ಯಾರು, ತೋಳದ ಅಜ್ಜ ಹೇಗೆ ಬಂದ, ಖಚ್ಚರಕ್ಕೆ ಯಾಕೆ ಮರಿಯಾಗುವುದಿಲ್ಲ, ಪ್ರೊಫೆಸರರ ಬೆರಳು ಎಲ್ಲಿ ನಿಂತಿತು, ಎಲ್ಲವನ್ನೂ ಒಂದೂ ಬಿಡದೆ ಹೇಳಿದರು. ಟಿಕೆಟಿನವರು ನಡುವೆ ನಡುವೆ ‘ಮುಂದ?’ ಎನ್ನುತ್ತಿದ್ದರಂತೆ. ಕಥೆ ಮುಗಿಯುವ ಹೊತ್ತಿಗೆ ಗಾಡಿ ಭಾಲ್ಕಿ ಸ್ಟೇಷನ್ನಿನಲ್ಲಿ ನಿಂತಿತ್ತು. ಬುಟ್ಟಿಯನ್ನು ಇಳಿಸಿಕೊಟ್ಟವರು ಅವರೇ.